ವಸಂತ ಸಂಗ್ರಹದ ಅರವತ್ತು ಲುಕ್‌ಗಳಲ್ಲಿ ನೆನಪಿಡಬೇಕಾದವು ಯಾವುವು? ನೋಡುವ ಕ್ರಮ, ಹಂತ ಹಂತವಾಗಿ

ಪ್ರತಿವರ್ಷ ಅಕ್ಟೋಬರ್ ಮೊದಲ ವಾರ ಕಳೆದು ಪ್ಯಾರಿಸ್‌ನ ಫ್ಯಾಷನ್ ಪ್ರದರ್ಶನಗಳು ಮುಗಿಯುತ್ತಿದ್ದಂತೆ, ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರತೊಡಗುತ್ತದೆ. ಫ್ಯಾಷನ್ ಡಿಸೈನ್ ಓದುತ್ತಿರುವವರು ‘ಅಸೈನ್‌ಮೆಂಟಿಗೆ ಐದು ಲುಕ್ ಆರಿಸಬೇಕು, ಯಾವ ಲೆಕ್ಕದಲ್ಲಿ ಆರಿಸಲಿ’ ಎನ್ನುತ್ತಾರೆ. ಬೊಟಿಕ್ ನಡೆಸುವವರು ‘ಇದರಲ್ಲಿ ನಮ್ಮ ಕೆಲಸಕ್ಕೆ ಬರುವಂಥದ್ದು ಏನಿದೆ’ ಎನ್ನುತ್ತಾರೆ. ಉಳಿದವರು ‘ಇದನ್ನೆಲ್ಲ ಯಾರಾದರೂ ಉಡುತ್ತಾರೆಯೇ’ ಎಂದು ನಗುತ್ತಾರೆ. ಈ ಮೂರೂ ಬಗೆಯವರಿಗೆ ನಾನು ಹೇಳುವುದು ಒಂದೇ: ಸದ್ದು ಮಾಡಿದ ಲುಕ್ಕನ್ನು ಹುಡುಕುವ ಬದಲು, ಉಡುಪಿನೊಳಗೆ ಕೆಲಸ ನಡೆದಿರುವ ಲುಕ್ಕನ್ನು ಹುಡುಕಿ. ಎರಡೂ ಒಂದೇ ಆಗಿರುವುದುಂಟು, ಆದರೆ ಅಪರೂಪ. ಅದನ್ನು ಗುರುತಿಸುವ ಕ್ರಮವನ್ನು, ಹಳೆಯ ಮತ್ತು ಹೊಸ ವಸಂತ ಸಂಗ್ರಹಗಳ ಉದಾಹರಣೆಗಳೊಂದಿಗೆ ಇಲ್ಲಿ ವಿವರಿಸುತ್ತೇನೆ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಒಂದು ಸಂಗ್ರಹಕ್ಕೆ ಸುಮಾರು ಎರಡು ಗಂಟೆ ಬಿಡುವು, ಗೆರೆಯಿಲ್ಲದ ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಸ್ವಲ್ಪ ಬಟರ್ ಪೇಪರ್, ಮತ್ತು ಸಾಧ್ಯವಾದಷ್ಟು ದೊಡ್ಡ ಪರದೆ. ಬಹುತೇಕ ಸಂಸ್ಥೆಗಳು ತಮ್ಮ ಪ್ರದರ್ಶನದ ಪೂರ್ತಿ ವಿಡಿಯೊವನ್ನು ಯೂಟ್ಯೂಬ್‌ನಲ್ಲಿ ಉಚಿತವಾಗಿ ಹಾಕುತ್ತವೆ. ಒಂದೊಂದು ಲುಕ್ಕಿನ ಸಂಖ್ಯೆ ಸಹಿತ ಚಿತ್ರಗಳು ವೋಗ್ ರನ್‌ವೇ ತಾಣದಲ್ಲಿ ಸಿಗುತ್ತವೆ. ಇವೆರಡೂ ಬೇಕು. ಚಿತ್ರ ಮಾತ್ರ ನೋಡಿದವರು ಎಲ್ಲಿ ಎಡವುತ್ತಾರೆ ಎಂಬುದನ್ನು ಐದನೆಯ ಹಂತದಲ್ಲಿ ಹೇಳುತ್ತೇನೆ.

ಮುಂದುವರಿಯುವ ಮೊದಲು ಮೂರು ಪದಗಳ ಅರ್ಥ ಖಚಿತವಾಗಿರಲಿ. ‘ಲುಕ್’ ಎಂದರೆ ಒಬ್ಬ ರೂಪದರ್ಶಿ ಒಂದು ಸಲ ಹೊರಬಂದಾಗ ತಲೆಯಿಂದ ಕಾಲಿನವರೆಗೆ ತೊಟ್ಟಿರುವ ಎಲ್ಲವೂ, ಅಂದರೆ ಉಡುಪು, ಚಪ್ಪಲಿ, ಚೀಲ, ಆಭರಣ ಎಲ್ಲ ಸೇರಿ. ‘ರೆಡಿ-ಟು-ವೇರ್’ ಎಂದರೆ ನಿಗದಿತ ಅಳತೆಗಳಲ್ಲಿ ಹೊಲಿದು ಅಂಗಡಿಗೆ ಕಳುಹಿಸುವ ಸಿದ್ಧ ಉಡುಪು. ಫ್ರೆಂಚರು ಇದನ್ನು ‘ಪ್ರೆತ್-ಆ-ಪೋರ್ತೆ’ ಎನ್ನುತ್ತಾರೆ. ಇದಕ್ಕೆ ಎದುರಾಗಿ ‘ಓತ್ ಕೂತೂರ್’ ಎಂದರೆ ಒಬ್ಬ ಗಿರಾಕಿಯ ಮೈಯಳತೆಗೆ ಕೈಯಲ್ಲಿ ಹೊಲಿದದ್ದು, ಮತ್ತು ಈ ಹೆಸರನ್ನು ಯಾರು ಬಳಸಬಹುದು ಎಂಬುದಕ್ಕೆ ಫ್ರಾನ್ಸಿನಲ್ಲಿ 1945ರಿಂದ ಕಾನೂನಿನ ಕಟ್ಟುಪಾಡಿದೆ. ನಮ್ಮಲ್ಲಿ ‘ರೆಡಿಮೇಡ್’ ಎಂದರೆ ಅಗ್ಗದ್ದು ಎಂಬ ಧ್ವನಿ ಇದೆ. ಇಲ್ಲಿ ಆ ಧ್ವನಿಯನ್ನು ಮರೆತುಬಿಡಿ. 1966ರಲ್ಲಿ ವಿನ್ಯಾಸಕಾರ ಇವ್ ಸ್ಯಾಂ ಲೊರಾಂ ಪ್ಯಾರಿಸ್‌ನಲ್ಲಿ ‘ರಿವ್ ಗೋಶ್’ ಎಂಬ ಸಿದ್ಧ ಉಡುಪಿನ ಅಂಗಡಿ ತೆರೆದ ಮೇಲೆ, ದೊಡ್ಡ ವಿನ್ಯಾಸಕಾರರ ಹೊಸ ಯೋಚನೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ವಿಭಾಗದಲ್ಲೇ.

ಹಂತ 1: ಋತು ಮತ್ತು ವರ್ಷದ ಲೆಕ್ಕವನ್ನು ಸರಿಮಾಡಿಕೊಳ್ಳಿ

ಮಹಿಳೆಯರ ವಸಂತ ಸಂಗ್ರಹಗಳನ್ನು ತೋರಿಸುವುದು ಹಿಂದಿನ ವರ್ಷದ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್ ಎಂಬ ಕ್ರಮದಲ್ಲಿ ಸುಮಾರು ನಾಲ್ಕು ವಾರ ಇದು ನಡೆಯುತ್ತದೆ. ಆದ್ದರಿಂದ ‘ವಸಂತ 2026’ ಎಂದು ಬರೆದಿರುವ ಸಂಗ್ರಹವನ್ನು 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತೋರಿಸಲಾಗಿರುತ್ತದೆ. ನಡುವಿನ ತಿಂಗಳುಗಳು ಅಂಗಡಿಗಳವರು ಬೇಡಿಕೆ ಸಲ್ಲಿಸಲು ಮತ್ತು ಕಾರ್ಖಾನೆಗಳು ಹೊಲಿಯಲು ಬೇಕಾದ ಕಾಲ. ಪುರುಷರ ವಸಂತ ಸಂಗ್ರಹಗಳು ಇನ್ನೂ ಮೊದಲು, ಜೂನ್‌ನಲ್ಲಿ ಬರುತ್ತವೆ. ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ನಡೆಯುವ ವಸಂತದ ಪ್ರದರ್ಶನ ಓತ್ ಕೂತೂರ್‌ನದು, ಸಿದ್ಧ ಉಡುಪಿನದಲ್ಲ.

ವಿದ್ಯಾರ್ಥಿಗಳು ಮಾಡುವ ಅತಿ ಸಾಮಾನ್ಯ ತಪ್ಪು ಇಲ್ಲಿಯೇ ಇದೆ: ಸಂಗ್ರಹದ ವರ್ಷವನ್ನೇ ಪ್ರದರ್ಶನದ ವರ್ಷವೆಂದು ಬರೆಯುವುದು. ಹಳೆಯ ಸಂಗ್ರಹಗಳಲ್ಲಿ ಇನ್ನೊಂದು ತೊಡಕಿದೆ. ನ್ಯೂಯಾರ್ಕ್ ಒಂದು ಕಾಲದಲ್ಲಿ ಯುರೋಪಿನ ನಗರಗಳ ನಂತರ ತನ್ನ ಸರದಿಯನ್ನು ಇಟ್ಟುಕೊಂಡಿತ್ತು. 1998ರಲ್ಲಿ ವಿನ್ಯಾಸಕಾರ ಹೆಲ್ಮುಟ್ ಲ್ಯಾಂಗ್ ಯುರೋಪಿಗಿಂತ ಮೊದಲೇ ತೋರಿಸಲು ನಿರ್ಧರಿಸಿದ ಮೇಲೆ ಉಳಿದವರೂ ಮುಂದಕ್ಕೆ ಸರಿದರು. ಹೀಗಾಗಿ 1998ಕ್ಕಿಂತ ಹಿಂದಿನ ನ್ಯೂಯಾರ್ಕ್‌ನ ವಸಂತ ಸಂಗ್ರಹಕ್ಕೆ ನವೆಂಬರ್ ತಿಂಗಳ ದಿನಾಂಕ ಕಂಡರೆ ಅದು ಮುದ್ರಣದೋಷವಲ್ಲ.

ಹಂತ 2: ಪೂರ್ತಿ ಸಂಗ್ರಹವನ್ನು ಒಮ್ಮೆ ನಿಲ್ಲಿಸದೆ ನೋಡಿ

ಮೊದಲ ನೋಟದಲ್ಲಿ ಏನನ್ನೂ ಬರೆಯಬೇಡಿ, ಏನನ್ನೂ ಆರಿಸಬೇಡಿ. ಒಂದು ಪ್ರದರ್ಶನ ಹತ್ತು-ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಅಷ್ಟು ಹೊತ್ತು ಸುಮ್ಮನೆ ಕುಳಿತು ನೋಡುವುದು ಕಷ್ಟವಲ್ಲ. ಮುಗಿದ ಮೇಲೆ ಪರದೆ ಆಫ್ ಮಾಡಿ, ನೆನಪಿನಲ್ಲಿ ಉಳಿದದ್ದನ್ನು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೆದುಕೊಳ್ಳಿ. ಈ ಪಟ್ಟಿಯನ್ನು ಕೊನೆಯವರೆಗೂ ಹರಿಯದೆ ಇಟ್ಟುಕೊಳ್ಳಿ, ಏಕೆಂದರೆ ಮುಂದಿನ ಹಂತಗಳಲ್ಲಿ ಇದರಲ್ಲಿ ಅರ್ಧದಷ್ಟು ಹೆಸರುಗಳು ಬಿದ್ದುಹೋಗುತ್ತವೆ. ಯಾವುದು ಏಕೆ ಬಿತ್ತು ಎಂಬುದೇ ನಿಮಗೆ ಸಿಗುವ ಮೊದಲ ಪಾಠ.

ಆಮೇಲೆ ಮೊದಲ ಲುಕ್ ಮತ್ತು ಕೊನೆಯ ಲುಕ್‌ಗಳನ್ನು ಮಾತ್ರ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ವಿನ್ಯಾಸಕಾರ ತಾನು ಎಲ್ಲಿಂದ ಹೊರಟೆ, ಎಲ್ಲಿಗೆ ಬಂದೆ ಎಂಬುದನ್ನು ಸಾಮಾನ್ಯವಾಗಿ ಇವೆರಡರಲ್ಲಿ ಇಟ್ಟಿರುತ್ತಾನೆ. 2025ರ ಅಕ್ಟೋಬರ್ 6ರಂದು ಪ್ಯಾರಿಸ್‌ನ ಗ್ರಾಂ ಪಲೆಯಲ್ಲಿ ವಿನ್ಯಾಸಕಾರ ಮತ್ಯೂ ಬ್ಲಾಜಿ ಶನೆಲ್ ಸಂಸ್ಥೆಗಾಗಿ ತಮ್ಮ ಮೊದಲ ಸಂಗ್ರಹವನ್ನು ತೋರಿಸಿದರು. ಮೇಲೆ ದೊಡ್ಡ ದೊಡ್ಡ ಗ್ರಹಗಳ ಗೋಳಗಳು ತೂಗುತ್ತಿದ್ದವು. ಮೊದಲು ಬಂದದ್ದು ಗಂಡಸರ ಸೂಟಿನ ಜಾತಿಯ, ಮೊಟಕಾಗಿ ಕತ್ತರಿಸಿದ ಜಾಕೆಟ್ ಮತ್ತು ಪ್ಯಾಂಟ್. ಕೊನೆಯಲ್ಲಿ ರೂಪದರ್ಶಿ ಅವಾರ್ ಒಡಿಯಾಂಗ್ ನಗುತ್ತ, ತಿರುಗುತ್ತ ಬಂದಾಗ ಅವರ ಮೈಮೇಲೆ ಇದ್ದದ್ದು ಒಂದು ಬಿಳಿ ರೇಷ್ಮೆಯ ಟಿ-ಶರ್ಟ್ ಮತ್ತು ಬಣ್ಣಬಣ್ಣದ ಗರಿಗಳಿಂದ ತುಂಬಿದ ದೊಡ್ಡ ಸ್ಕರ್ಟ್. ಮೊದಲನೆಯದು ಶನೆಲ್ ಮನೆತನದ ಹಳೆಯ ಕಥೆ, ಗಂಡಸರ ಬಟ್ಟೆಯನ್ನು ಹೆಣ್ಣುಮಕ್ಕಳಿಗೆ ತಂದದ್ದು. ಕೊನೆಯದರಲ್ಲಿ ಅತಿ ಸರಳವಾದ ಮೇಲುಡುಪನ್ನೂ ಅತಿ ದುಡಿಮೆಯ ಕೆಳಉಡುಪನ್ನೂ ಒಟ್ಟಿಗೆ ತೊಡುವ ಸಲುಗೆ ಇದೆ. ನಡುವಿನ ಲುಕ್‌ಗಳನ್ನು ಓದಲು ಇವೆರಡು ಕೊಕ್ಕೆಗಳು ಸಾಕು.

ಎಚ್ಚರಿಕೆ: ಕೊನೆಯ ಲುಕ್ ಎಂದ ಮಾತ್ರಕ್ಕೆ ಅದೇ ಶ್ರೇಷ್ಠವೆಂದು ತಿಳಿಯಬೇಡಿ. ಎಷ್ಟೋ ಪ್ರದರ್ಶನಗಳಲ್ಲಿ ಕೊನೆಯದು ಬರೀ ಚಪ್ಪಾಳೆಗೆ ಇಟ್ಟದ್ದು.

ಹಂತ 3: ಉಡುಪನ್ನು ಅಲಂಕಾರದಿಂದ ಬೇರ್ಪಡಿಸಿ

‘ಸ್ಟೈಲಿಂಗ್’ ಎಂದರೆ ಸಿದ್ಧವಾದ ಉಡುಪುಗಳನ್ನು ಹೇಗೆ ಜೋಡಿಸಬೇಕು, ಯಾವುದರ ಮೇಲೆ ಯಾವುದನ್ನು ತೊಡಿಸಬೇಕು, ಗುಂಡಿ ಎಷ್ಟು ಬಿಚ್ಚಿರಬೇಕು ಎಂದು ನಿರ್ಧರಿಸುವ ಕೆಲಸ. ಅದು ಬೇರೆಯದೇ ಕಸುಬು, ಅದಕ್ಕೆ ಬೇರೆಯೇ ಜನರಿರುತ್ತಾರೆ. ನೀವು ಆರಿಸಿದ ಲುಕ್ಕನ್ನು ತೆಗೆದುಕೊಂಡು ಮನಸ್ಸಿನಲ್ಲಿ ಕೂದಲು, ಕನ್ನಡಕ, ಚೀಲ, ಚಪ್ಪಲಿಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ; ಒಂದೊಂದು ತುಂಡು ಬಟ್ಟೆಯನ್ನೂ ಹ್ಯಾಂಗರಿಗೆ ನೇತುಹಾಕಿದಂತೆ ಪಟ್ಟಿ ಮಾಡಿ. ಕೊನೆಗೆ ಏನೂ ಉಳಿಯದಿದ್ದರೆ ನೀವು ಮೆಚ್ಚಿದ್ದು ಸ್ಟೈಲಿಂಗನ್ನು. ಅದರಲ್ಲಿ ತಪ್ಪಿಲ್ಲ, ಆದರೆ ಟಿಪ್ಪಣಿಯಲ್ಲಿ ಹಾಗೆಂದು ಬರೆಯಬೇಕು.

ಒಂದು ಕಠಿಣವಾದ ಉದಾಹರಣೆ ಕೊಡುತ್ತೇನೆ. 2021ರ ಅಕ್ಟೋಬರ್‌ನಲ್ಲಿ ತೋರಿಸಿದ ಮ್ಯು ಮ್ಯು ಸಂಸ್ಥೆಯ ವಸಂತ 2022ರ ಸಂಗ್ರಹದಲ್ಲಿ, ಸೊಂಟದಿಂದ ಕೆಳಗೆ ಜಾರಿದ, ಗೇಣುದ್ದದ ಒಂದು ಸ್ಕರ್ಟ್ ಇತ್ತು; ಆ ವರ್ಷ ಪತ್ರಿಕೆಗಳ ಮುಖಪುಟಗಳಲ್ಲೆಲ್ಲ ಅದೇ. ಬಹಳ ಜನ ಅದನ್ನು ‘ತೀರ ಚಿಕ್ಕ ಸ್ಕರ್ಟ್’ ಎಂದಷ್ಟೇ ಬರೆದು ಮುಗಿಸಿದರು. ಹ್ಯಾಂಗರಿನ ಪರೀಕ್ಷೆ ಮಾಡಿ ನೋಡಿ: ಬಟ್ಟೆ ಕಚೇರಿಗೆ ಹೋಗುವವರ ಚಿನೋ ಎಂಬ ಹತ್ತಿಯ ಪ್ಯಾಂಟಿನದು, ಅಂಚನ್ನು ಮಡಿಸಿ ಹೊಲಿಯದೆ ಕತ್ತರಿಸಿದಂತೆಯೇ ಬಿಟ್ಟಿದ್ದಾರೆ, ಕತ್ತರಿಸಿದ ಅಂಚಿನ ಕೆಳಗೆ ಜೇಬಿನ ಒಳಬಟ್ಟೆ ಇಣುಕುತ್ತಿದೆ. ಮೇಲೆ ತೊಟ್ಟಿರುವ ಸ್ವೆಟರ್, ಅಂಗಿಗಳೂ ಅದೇ ರೀತಿ ನಡುವಿನಲ್ಲಿ ಕತ್ತರಿ ಆಡಿಸಿದಂಥವು. ಅಂದರೆ ಇಡೀ ಲುಕ್ ಒಂದು ಕಚೇರಿ ಸಮವಸ್ತ್ರವನ್ನು ಕತ್ತರಿಯಿಂದ ತಿದ್ದಿದ್ದು. ಅಲಂಕಾರ ತೆಗೆದ ಮೇಲೂ ಇಷ್ಟು ಉಳಿಯುತ್ತದೆ ಎಂದಾದರೆ ಅದು ಪಟ್ಟಿಯಲ್ಲಿ ಉಳಿಯಬೇಕು.

ಹಂತ 4: ಹೊರಗೆರೆಯನ್ನು ಕಾಗದದ ಮೇಲೆ ತೆಗೆಯಿರಿ

‘ಸಿಲೂಯೆಟ್’ ಎಂದರೆ ಉಡುಪು ತೊಟ್ಟ ಮೈಯ ಹೊರಗೆರೆ, ಬೆಳಕಿಗೆ ಬೆನ್ನು ಮಾಡಿ ನಿಂತಾಗ ಕಾಣುವ ನೆರಳು. ಬಟರ್ ಪೇಪರನ್ನು ಚಿತ್ರದ ಮೇಲಿಟ್ಟು ಹೊರಗೆರೆಯನ್ನಷ್ಟೇ ಎಳೆಯಿರಿ; ಚಿತ್ರ ಬಿಡಿಸಲು ಬರದವರೂ ಇದನ್ನು ಮಾಡಬಹುದು. ಹತ್ತು ಲುಕ್‌ಗಳ ಹೊರಗೆರೆಯನ್ನು ಒಂದರ ಮೇಲೊಂದು ಇಟ್ಟರೆ ಭುಜ ಎಷ್ಟು ಅಗಲ, ಸೊಂಟ ಎಲ್ಲಿ ಕುಳಿತಿದೆ, ಅಂಚು ಎಲ್ಲಿ ನಿಂತಿದೆ ಎಂಬುದು ಸ್ಪಷ್ಟವಾಗುತ್ತದೆ. ಒಂದೇ ಒಂದು ಹೊರಗೆರೆ ಗುಂಪಿನಿಂದ ಹೊರಗೆ ಹೋದರೆ ಅಲ್ಲಿ ನಿಲ್ಲಿ.

ಇಡೀ ಸಂಗ್ರಹವೇ ಮೈಯ ಹೊರಗೆರೆಯನ್ನು ಪ್ರಶ್ನಿಸಿದ ಸಂದರ್ಭ ಒಂದಿದೆ. ರೇ ಕವಾಕುಬೊ ತಮ್ಮ ಕಾಮ್ ದೆ ಗಾರ್ಸೋಂ ಸಂಸ್ಥೆಗಾಗಿ 1996ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿದ ವಸಂತ 1997ರ ಸಂಗ್ರಹದಲ್ಲಿ, ಅಡುಗೆಮನೆಯ ಮೇಜಿನ ಹಾಸಿನಂಥ ಚೌಕುಳಿ ಬಟ್ಟೆಯ ಹಿಗ್ಗುವ ಉಡುಪುಗಳಿದ್ದವು, ಅವುಗಳೊಳಗೆ ಬೆನ್ನು, ಪೃಷ್ಠ, ಭುಜ, ಹೊಟ್ಟೆಯ ಒಂದೊಂದು ಪಕ್ಕದಲ್ಲಿ ದಿಂಬಿನಂಥ ಉಬ್ಬುಗಳಿದ್ದವು. ನೋಡಿದವರಲ್ಲಿ ಹಲವರು ಗೂನು ಎಂದರು, ಗಡ್ಡೆ ಎಂದರು. ಮುಂಭಾಗದ ಚಿತ್ರದಿಂದ ಆ ಲುಕ್‌ಗಳಲ್ಲಿ ಕೆಲವು ಬಹುತೇಕ ಸಾಧಾರಣ ಉಡುಪಿನಂತೆಯೇ ಕಾಣುತ್ತವೆ. ಪಕ್ಕಕ್ಕೆ ತಿರುಗಿದಾಗಷ್ಟೇ ಉಬ್ಬು ಎದ್ದುಬರುತ್ತದೆ. ಮರುವರ್ಷ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಅವರ ತಂಡಕ್ಕೆ ಕವಾಕುಬೊ ಇದೇ ಯೋಚನೆಯ ಉಡುಪುಗಳನ್ನು ಮಾಡಿಕೊಟ್ಟರು, ಉಬ್ಬುಗಳನ್ನು ತೊಟ್ಟೇ ನರ್ತಕರು ಕುಣಿದರು.

ಇಲ್ಲಿ ಆಗುವ ತಪ್ಪು ಮುಂಭಾಗದ ಒಂದೇ ಚಿತ್ರ ನೋಡಿ ತೀರ್ಪು ಕೊಡುವುದು. ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದ್ದೇನೆ. ಪಕ್ಕದ, ಹಿಂಭಾಗದ ಚಿತ್ರ ಸಿಗದಿದ್ದರೆ ವಿಡಿಯೊದಲ್ಲಿ ರೂಪದರ್ಶಿ ತಿರುಗುವ ಕ್ಷಣದಲ್ಲಿ ನಿಲ್ಲಿಸಿ.

ಹಂತ 5: ನಡೆಯುವಾಗ ಬಟ್ಟೆ ಏನು ಮಾಡುತ್ತದೆ ಎಂದು ನೋಡಿ

ನಿಂತ ಚಿತ್ರದಲ್ಲಿ ಸುಳ್ಳು ಹೇಳುವ ಉಡುಪುಗಳಿವೆ, ನಿಂತ ಚಿತ್ರದಲ್ಲಿ ಸತ್ತುಹೋಗುವ ಉಡುಪುಗಳೂ ಇವೆ. 2025ರ ಸೆಪ್ಟೆಂಬರ್‌ನಲ್ಲಿ ಮಿಲಾನ್‌ನಲ್ಲಿ ವಿನ್ಯಾಸಕಾರ್ತಿ ಲೂಯಿಸ್ ಟ್ರಾಟರ್ ಬೊಟ್ಟೆಗಾ ವೆನೆಟಾ ಸಂಸ್ಥೆಗಾಗಿ ತಮ್ಮ ಮೊದಲ ಸಂಗ್ರಹ ತೋರಿಸಿದಾಗ, ಮರುಬಳಕೆಯ ಫೈಬರ್‌ಗ್ಲಾಸ್ ಎಳೆಗಳಿಂದ ಮಾಡಿದ ಸ್ವೆಟರ್ ಮತ್ತು ಸ್ಕರ್ಟ್‌ಗಳಿದ್ದವು. ಚಿತ್ರದಲ್ಲಿ ಅವು ಗಾಢಬಣ್ಣದ ದಪ್ಪ ತುಪ್ಪಳದಂತೆ ಕಾಣುತ್ತವೆ. ವಿಡಿಯೊದಲ್ಲಿ ಪ್ರತಿ ಹೆಜ್ಜೆಗೂ ಎಳೆಗಳು ಬೆಳಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ತುಯ್ದಾಡುತ್ತವೆ. ಚಿತ್ರ ಮಾತ್ರ ನೋಡಿದವರು ಈ ಲುಕ್ಕನ್ನು ದಾಟಿಹೋಗುವುದು ಖಂಡಿತ.

ಇಸ್ಸೆ ಮಿಯಾಕೆ ಅವರ ವಸಂತ 1994ರ ‘ಹಾರುವ ತಟ್ಟೆ’ ಎಂಬ ಉಡುಪು ಇನ್ನೂ ಒಳ್ಳೆಯ ಪಾಠ. ಕಾಗದದ ಗೂಡುದೀಪವನ್ನು ನೆನೆಯಿರಿ: ಅಮುಕಿದರೆ ತಟ್ಟೆಯಂತೆ ಚಪ್ಪಟೆ, ಎತ್ತಿದರೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಆ ಉಡುಪೂ ಹಾಗೆಯೇ. ರೂಪದರ್ಶಿ ಹೆಜ್ಜೆಯಿಟ್ಟಂತೆ ಮೈಸುತ್ತ ಕುಪ್ಪಳಿಸುತ್ತದೆ. ಹೀಗಾಗುವುದಕ್ಕೆ ಕಾರಣ ನೆರಿಗೆ ಹಾಕಿದ ಕ್ರಮ. ನಾವು ಸಾಮಾನ್ಯವಾಗಿ ಬಟ್ಟೆಗೆ ನೆರಿಗೆ ಹಾಕಿ ಆಮೇಲೆ ಹೊಲಿಯುತ್ತೇವೆ. ಮಿಯಾಕೆ ತಿರುವುಮುರುವು ಮಾಡಿದರು: ಉಡುಪನ್ನು ಬೇಕಾದ ಅಳತೆಗಿಂತ ಎರಡೂವರೆ-ಮೂರು ಪಟ್ಟು ದೊಡ್ಡದಾಗಿ ಹೊಲಿದು, ಕಾಗದದ ಹಾಳೆಗಳ ನಡುವೆ ಇಟ್ಟು, ಬಿಸಿಯಂತ್ರದಲ್ಲಿ ಒತ್ತಿ ನೆರಿಗೆ ಕೂರಿಸಿದರು. ಪಾಲಿಯೆಸ್ಟರ್ ಕಾವಿಗೆ ಮೆತ್ತಗಾಗಿ ತಣ್ಣಗಾದಾಗ ಆ ಆಕಾರವನ್ನೇ ಹಿಡಿದುಕೊಳ್ಳುವುದರಿಂದ, ತೊಳೆದರೂ ನೆರಿಗೆ ಬಿಡುವುದಿಲ್ಲ. ಹತ್ತಿಯಲ್ಲಿ ಇದನ್ನು ಮಾಡಲು ಹೊರಟು ನಿರಾಶರಾದ ಬೊಟಿಕ್ ಓದುಗರು ಆಗಾಗ ಬರೆಯುತ್ತಿರುತ್ತಾರೆ. ಹತ್ತಿಯ ನೂಲಿಗೆ ಆ ಗುಣವೇ ಇಲ್ಲ.

ಹಂತ 6: ಬಟ್ಟೆಯನ್ನೂ ಹೊಲಿಗೆಯನ್ನೂ ಹತ್ತಿರದಿಂದ ಪರೀಕ್ಷಿಸಿ

ಅತಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಚಿತ್ರವನ್ನು ಹಿಗ್ಗಿಸಿ ಮೂರು ಜಾಗಗಳನ್ನು ನೋಡಿ: ಅಂಚು, ಭುಜದ ಹೊಲಿಗೆ, ಗುಂಡಿಪಟ್ಟಿ. ಬಟ್ಟೆಯ ಹೆಸರನ್ನು ಊಹಿಸಿ ಬರೆದುಕೊಂಡು, ಆಮೇಲೆ ಸಂಸ್ಥೆಯ ವಿವರಣೆಯೊಂದಿಗೆ ತಾಳೆ ನೋಡಿ. ನಿಮ್ಮ ಊಹೆ ತಪ್ಪಾದ ಕಡೆಯಲ್ಲೇ ಹಲವು ಸಲ ಒಳ್ಳೆಯ ಲುಕ್ ಇರುತ್ತದೆ.

ಇದಕ್ಕೆ ಒಂದಕ್ಕೊಂದು ಕೈಹಿಡಿದ ಎರಡು ಉದಾಹರಣೆಗಳಿವೆ, ನಡುವೆ ಮೂವತ್ತು ವರ್ಷ. 1992ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಮಾರ್ಕ್ ಜೇಕಬ್ಸ್ ಪೆರಿ ಎಲಿಸ್ ಸಂಸ್ಥೆಗಾಗಿ ವಸಂತ 1993ರ ಸಂಗ್ರಹ ತೋರಿಸಿದರು. ಅಮೆರಿಕದ ಸಿಯಾಟಲ್‌ನ ಗ್ರಂಜ್ ಎಂಬ ರಾಕ್ ಸಂಗೀತದ ಹುಡುಗರು ಹಳೆ ಬಟ್ಟೆಯಂಗಡಿಯಿಂದ ತಂದು ತೊಡುತ್ತಿದ್ದ, ಫ್ಲಾನೆಲ್ ಎಂಬ ಮೆತ್ತನೆಯ ದಪ್ಪ ಬಟ್ಟೆಯ ಚೌಕುಳಿ ಅಂಗಿ ಅಲ್ಲಿತ್ತು. ಆದರೆ ಅದು ಫ್ಲಾನೆಲ್ ಆಗಿರಲಿಲ್ಲ. ರೇಷ್ಮೆಯ ಮೇಲೆ ಫ್ಲಾನೆಲ್‌ನ ಚೌಕುಳಿಯನ್ನು ಅಚ್ಚು ಹಾಕಿಸಿದ್ದರು. ವಿಮರ್ಶಕರಲ್ಲಿ ಹಲವರು ಸಿಟ್ಟಾದರು, ಜೇಕಬ್ಸ್ ಕೆಲಸ ಕಳೆದುಕೊಂಡರು. 2018ರಲ್ಲಿ ಅವರೇ ಆ ಉಡುಪುಗಳನ್ನು ತಮ್ಮ ಹೆಸರಿನ ಸಂಸ್ಥೆಯಿಂದ ಮತ್ತೆ ಹೊಲಿಸಿ ಮಾರಾಟಕ್ಕೆ ತಂದರು. ಎರಡನೆಯದು 2022ರ ಸೆಪ್ಟೆಂಬರ್‌ನದು, ಮಿಲಾನ್. ಬೊಟ್ಟೆಗಾ ವೆನೆಟಾದ ವಸಂತ 2023ರ ಸಂಗ್ರಹದಲ್ಲಿ ರೂಪದರ್ಶಿ ಕೇಟ್ ಮಾಸ್ ಚೌಕುಳಿ ಅಂಗಿ ಮತ್ತು ಜೀನ್ಸ್ ತೊಟ್ಟು ನಡೆದರು. ಅಷ್ಟು ದೂರ ಹೋಗಿ ಇದನ್ನು ನೋಡಬೇಕೆ ಎನಿಸುವಷ್ಟು ಸಾಮಾನ್ಯ. ಆ ಅಂಗಿಯೂ ಜೀನ್ಸೂ ಪೂರ್ತಿ ಚರ್ಮ. ಮೆತ್ತನೆಯ ಚರ್ಮದ ಮೇಲೆ ಬಣ್ಣದ ಪದರಗಳನ್ನು ಹಾಕಿ ಫ್ಲಾನೆಲ್‌ನ, ಡೆನಿಮ್‌ನ ನೋಟ ತಂದದ್ದು. ಆಗಿನ ವಿನ್ಯಾಸಕಾರ ಮೇಲೆ ಹೇಳಿದ ಮತ್ಯೂ ಬ್ಲಾಜಿಯೇ.

ಹೀಗೆ ಒಂದು ವಸ್ತುವನ್ನು ಇನ್ನೊಂದರಂತೆ ಕಾಣಿಸುವುದನ್ನು ‘ತ್ರಾಂಪ್ ಲೋಯ್’ ಎನ್ನುತ್ತಾರೆ, ಕಣ್ಣಿಗೆ ಮಾಡುವ ಮೋಸ ಎಂದು ಅರ್ಥ. ಈ ಎರಡು ಲುಕ್‌ಗಳು ನೋಟಕ್ಕೆ ಒಂದೇ ಆದರೂ ಹೇಳುವುದು ಒಂದೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಜೇಕಬ್ಸ್ ಬಡ ಅಂಗಿಗೆ ಸಿರಿವಂತ ಬಟ್ಟೆ ಕೊಟ್ಟಾಗ ಅದು ಆ ಕಾಲದ ಭರ್ಜರಿ ಉಡುಪುಗಳ ಎದುರು ಒಂದು ತಂಟೆಯಾಗಿತ್ತು. ಬ್ಲಾಜಿಯ ಅಂಗಿಯಲ್ಲಿ ತಂಟೆಯಿಲ್ಲ. ಚರ್ಮದ ಕೆಲಸಕ್ಕೆ ಹೆಸರಾದ ಸಂಸ್ಥೆ ತನ್ನ ಕೈಚಳಕವನ್ನು ತೊಟ್ಟವರಿಗೆ ಮಾತ್ರ ತಿಳಿಯುವಂತೆ ಅಡಗಿಸಿಟ್ಟಿದೆ.

ಹೊಲಿಗೆಯ ಒಳಗಿನ ಸಂಗತಿಗಳಿಗೂ ಕಣ್ಣು ಬೇಕು. ಶನೆಲ್ ಜಾಕೆಟ್ಟಿನ ಒಳ ಅಂಚಿಗೆ ಸುತ್ತಲೂ ಒಂದು ಸಣ್ಣ ಲೋಹದ ಸರಪಳಿ ಹೊಲಿದಿರುತ್ತಾರೆ. ಜಾಕೆಟ್ ಮೇಲಕ್ಕೆ ಸರಿಯದೆ ನೇರವಾಗಿ ಇಳಿಬೀಳಲಿ ಎಂದು. ನಮ್ಮಲ್ಲಿ ಸೀರೆಗೆ ಫಾಲ್ ಹಚ್ಚಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅಂಚಿಗೆ ತೂಕ ಕೊಟ್ಟರೆ ನೆರಿಗೆ ನಿಲ್ಲುತ್ತದೆ. ವಸಂತ 2026ರಲ್ಲಿ ಬ್ಲಾಜಿ ಆ ಸರಪಳಿಯನ್ನು ಜಾಕೆಟ್ಟಿನಿಂದ ಅಂಗಿಗೆ ತಂದರು. 1838ರಲ್ಲಿ ಆರಂಭವಾದ ಪ್ಯಾರಿಸ್‌ನ ಶಾರ್ವೆ ಎಂಬ ಅಂಗಿ ಹೊಲಿಯುವ ಸಂಸ್ಥೆಯೊಂದಿಗೆ ಸೇರಿ ಮಾಡಿದ, ಗಂಡಸರ ಧಾಟಿಯ ಆ ಸಡಿಲ ಹತ್ತಿಯ ಅಂಗಿಗಳ ಅಂಚಿನಲ್ಲಿ ಸರಪಳಿ ಇದೆ. ಆದ್ದರಿಂದಲೇ ಗಾಳಿಯಲ್ಲಿ ಹಾರಬೇಕಾದ ಅಂಗಿ ನಡಿಗೆಯಲ್ಲಿ ಗಂಭೀರವಾಗಿ ತೂಗುತ್ತದೆ. ಗ್ರಹಗಳ ಗೋಳ, ಗರಿಯ ಸ್ಕರ್ಟ್ ಎಲ್ಲವನ್ನೂ ಬಿಟ್ಟು ಆ ಸಂಗ್ರಹದಿಂದ ಒಂದೇ ಲುಕ್ ಆರಿಸಿ ಎಂದರೆ ನಾನು ಆರಿಸುವುದು ಅಂಥದೊಂದು ಅಂಗಿ ಇರುವುದನ್ನು.

ಓರೆಗತ್ತರಿಕೆಯ ಬಗ್ಗೆ ಒಂದು ಮಾತು. ಟೇಲರುಗಳು ‘ಕ್ರಾಸ್ ಕಟಿಂಗ್’ ಎನ್ನುವುದನ್ನೇ ಫ್ಯಾಷನ್ ಬರಹಗಳಲ್ಲಿ ‘ಬಯಾಸ್ ಕಟ್’ ಎಂದು ಬರೆಯುತ್ತಾರೆ. ಬಟ್ಟೆಯ ನೂಲಿಗೆ ನಲವತ್ತೈದು ಡಿಗ್ರಿ ಓರೆಯಾಗಿ ಕತ್ತರಿಸುವುದು. ವಸಂತ ಸಂಗ್ರಹಗಳ ತೆಳು ಗೌನುಗಳಲ್ಲಿ ಇದು ಧಾರಾಳ. ಚೌಕುಳಿ ಅಥವಾ ಗೆರೆಯ ಬಟ್ಟೆಯಾದರೆ ವಿನ್ಯಾಸ ಓರೆಯಾಗಿ ಓಡುವುದನ್ನು ನೋಡಿಯೇ ಹೇಳಬಹುದು.

ಹಂತ 7: ಚಮತ್ಕಾರವನ್ನು ತೂಗಿ ನೋಡಿ

ಪ್ರದರ್ಶನದ ಚಮತ್ಕಾರವೇ ಲುಕ್ ಆಗಿಬಿಡುವ ಸಂದರ್ಭಗಳಿವೆ. ಅಲೆಕ್ಸಾಂಡರ್ ಮೆಕ್‌ಕ್ವೀನ್ 1998ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ತೋರಿಸಿದ ವಸಂತ 1999ರ ಸಂಗ್ರಹದ ಕೊನೆಯಲ್ಲಿ, ರೂಪದರ್ಶಿ ಶಾಲೋಮ್ ಹಾರ್ಲೊ ಬಿಳಿ ಉಡುಪು ತೊಟ್ಟು ತಿರುಗುವ ಹಲಗೆಯ ಮೇಲೆ ನಿಂತರು, ಎರಡು ಪಕ್ಕದ ಯಂತ್ರತೋಳುಗಳು ಅವರ ಮೇಲೆ ಕಪ್ಪು ಮತ್ತು ಹಳದಿ ಬಣ್ಣವನ್ನು ಚಿಮ್ಮಿಸಿದವು. 2022ರ ಸೆಪ್ಟೆಂಬರ್ 30ರಂದು ಪ್ಯಾರಿಸ್‌ನಲ್ಲಿ ಕೊಪೆರ್ನಿ ಸಂಸ್ಥೆಯ ವಸಂತ 2023ರ ಪ್ರದರ್ಶನದಲ್ಲಿ, ವಿಜ್ಞಾನಿ ಮನೆಲ್ ಟೊರೆಸ್ ಮತ್ತು ಸಂಗಡಿಗರು ರೂಪದರ್ಶಿ ಬೆಲ್ಲಾ ಹದೀದ್ ಅವರ ಮೈಮೇಲೆ ದ್ರವವೊಂದನ್ನು ಸಿಂಪಡಿಸಿದರು. ದ್ರವದಲ್ಲಿದ್ದ ಸಣ್ಣ ನಾರುಗಳು ಮೈಗೆ ತಗುಲಿ ಒಣಗುತ್ತ ಬಟ್ಟೆಯಾದವು, ಆಮೇಲೆ ಒಬ್ಬರು ಬಂದು ಭುಜದ ಪಟ್ಟಿಯನ್ನು ಸರಿಸಿ, ಕೆಳಗೆ ಕತ್ತರಿಯಿಂದ ಸೀಳು ಕೊಟ್ಟರು.

ಇಂಥವನ್ನು ತೂಗಲು ಒಂದೇ ಪ್ರಶ್ನೆ ಕೇಳಿ: ಯಂತ್ರ ನಿಂತ ಮೇಲೆ ಉಡುಪು ಏನು? ಮೆಕ್‌ಕ್ವೀನ್‌ರ ಬಿಳಿ ಮಸ್ಲಿನ್ ಉಡುಪು ಬಣ್ಣ ಬೀಳುವ ಮೊದಲೂ ಅರ್ಥವುಳ್ಳದ್ದು. ಎದೆಯ ಮೇಲೆ ಚರ್ಮದ ಪಟ್ಟಿಯಿಂದ ಬಿಗಿದು, ಕೆಳಗೆ ಜಾಲರಿಬಟ್ಟೆಯ ಒಳಸ್ಕರ್ಟಿನಿಂದ ಗಂಟೆಯಂತೆ ಅಗಲಿಸಿದ ಆ ಆಕಾರ, ಬಣ್ಣ ಹಿಡಿಯಲೆಂದೇ ಬಿಡಿಸಿದ ಕ್ಯಾನ್ವಾಸಿನಂತಿದೆ. ಕೊಪೆರ್ನಿಯದು ಬಟ್ಟೆ ಹುಟ್ಟುವುದನ್ನು ತೋರಿಸಿದ ಪ್ರಯೋಗ, ಉಳಿದ ಉಡುಪು ಒಂದು ಸಾದಾ ಬಿಳಿ ಸ್ಲಿಪ್ ಗೌನು. ಎರಡೂ ಪಟ್ಟಿಯಲ್ಲಿ ಇರಬಹುದು. ಒಂದನ್ನು ಉಡುಪೆಂದು, ಇನ್ನೊಂದನ್ನು ತಂತ್ರವೆಂದು ಬರೆದುಕೊಳ್ಳಿ.

ಚಮತ್ಕಾರ ಸದ್ದಿಲ್ಲದೆಯೂ ಇರಬಹುದು. ಮಾರ್ಟಿನ್ ಮಾರ್ಜಿಯೆಲಾ 1988ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಕೆಫೆ ದ ಲಾ ಗಾರ್‌ನಲ್ಲಿ ತಮ್ಮ ಮೊದಲ ಸಂಗ್ರಹ ತೋರಿಸಿದಾಗ, ಹೆಬ್ಬೆರಳು ಬೇರೆಯಾಗಿ ಸೀಳಿದ ‘ತಾಬಿ’ ಬೂಟುಗಳ ಅಡಿಗೆ ಕೆಂಪು ಬಣ್ಣ ಬಳಿದಿದ್ದರು. ನೆಲಕ್ಕೆ ಹಾಸಿದ ಬಿಳಿ ಬಟ್ಟೆಯ ಮೇಲೆಲ್ಲ ಗೊರಸಿನಂಥ ಕೆಂಪು ಗುರುತು ಮೂಡಿತು. ಮುಂದಿನ ಋತುವಿಗೆ ಆ ಹಾಸುಬಟ್ಟೆಯಿಂದಲೇ ತೋಳಿಲ್ಲದ ವೇಸ್ಟ್‌ಕೋಟ್ ಹೊಲಿಸಿದರು.

ಹಂತ 8: ಲುಕ್ಕಿನ ಮೂಲವನ್ನು ವಿಚಾರಿಸಿ

ಈ ಹಂತವನ್ನು ಬಿಡುವವರೇ ಹೆಚ್ಚು, ಕನ್ನಡಿಗರಂತೂ ಬಿಡಬಾರದು. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಪ್ರಾಡಾ ತೋರಿಸಿದ ಪುರುಷರ ವಸಂತ 2026ರ ಸಂಗ್ರಹದಲ್ಲಿ ಹಲವು ರೂಪದರ್ಶಿಗಳ ಕಾಲಲ್ಲಿ ಹೆಬ್ಬೆರಳ ಉಂಗುರವುಳ್ಳ ಚರ್ಮದ ಚಪ್ಪಲಿಗಳಿದ್ದವು. ಸಂಸ್ಥೆಯ ವಿವರಣೆಯಲ್ಲಿ ಅವು ಬರೀ ಚರ್ಮದ ಸ್ಯಾಂಡಲ್. ನಮ್ಮ ಅಥಣಿ, ನಿಪ್ಪಾಣಿ ಕಡೆಯವರು ನೋಡಿದ ಕ್ಷಣಕ್ಕೆ ಗುರುತಿಸಬಲ್ಲ ಕೊಲ್ಹಾಪುರಿ ಅದು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತು, ಅಂದರೆ ಇಂಥ ಪ್ರದೇಶದಲ್ಲಿ ಇಂಥ ವಿಧಾನದಲ್ಲಿ ಮಾಡಿದ್ದಕ್ಕಷ್ಟೇ ಆ ಹೆಸರು ಸಲ್ಲುತ್ತದೆ ಎಂಬ ಕಾನೂನು ಮಾನ್ಯತೆ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದೆ. ಟೀಕೆ ಜೋರಾದ ಮೇಲೆ ಪ್ರಾಡಾ ಪ್ರೇರಣೆ ಎಲ್ಲಿಯದೆಂದು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಎಂಬ ಚರ್ಮೋದ್ಯಮ ನಿಗಮಗಳೊಂದಿಗೆ, ಚಪ್ಪಲಿಗಳನ್ನು ಇಲ್ಲಿಯೇ ಮಾಡಿಸುವ ಒಪ್ಪಂದಕ್ಕೆ ಬಂದಿತು.

ಇದರಿಂದ ನಿಮ್ಮ ಟಿಪ್ಪಣಿಗೆ ಬರಬೇಕಾದದ್ದು ಸಿಟ್ಟಲ್ಲ, ಕ್ರಮ. ಚಪ್ಪಲಿ, ಕಸೂತಿ, ಚೌಕುಳಿ, ನೆರಿಗೆ, ಯಾವುದೇ ಆಗಲಿ, ಅದನ್ನು ಈ ಮೊದಲು ಯಾರು, ಎಲ್ಲಿ, ಯಾವ ಕಚ್ಚಾವಸ್ತುವಿನಿಂದ ಮಾಡುತ್ತಿದ್ದರು ಎಂದು ಒಂದು ಸಾಲು ಬರೆಯಿರಿ. ಆಮೇಲೆ ವಿನ್ಯಾಸಕಾರ ಅದಕ್ಕೆ ಸೇರಿಸಿದ್ದೇನು ಎಂದು ಇನ್ನೊಂದು ಸಾಲು. ಸಾಂಪ್ರದಾಯಿಕ ಕೊಲ್ಹಾಪುರಿಯಲ್ಲಿ ಗಿಡಮರದ ತೊಗಟೆ-ಕಾಯಿಗಳಿಂದ ಹದಮಾಡಿದ ಚರ್ಮವನ್ನು ಮೊಳೆಯಿಲ್ಲದೆ ಚರ್ಮದ ದಾರದಿಂದಲೇ ಹೊಲಿಯುತ್ತಾರೆ. ಎರಡನೆಯ ಸಾಲು ಖಾಲಿ ಉಳಿದರೆ ಆ ಲುಕ್ ನಿಮ್ಮ ಪಟ್ಟಿಯಲ್ಲಿ ವಿನ್ಯಾಸದ ಹೆಸರಿನಲ್ಲಿ ನಿಲ್ಲಲಾರದು. ‘ಪ್ರೇರಣೆ’ ಎಂಬ ಒಂದೇ ಪದ ಬರೆದು ಈ ಎರಡು ಸಾಲುಗಳನ್ನು ತಪ್ಪಿಸಿಕೊಳ್ಳಬೇಡಿ.

ಹಂತ 9: ಮಾರ್ಚ್‌ನಲ್ಲಿ ನೋಟ್‌ಬುಕ್ಕನ್ನು ಮತ್ತೆ ತೆರೆಯಿರಿ

ಪ್ರದರ್ಶನ ಮುಗಿದ ಮೇಲೆ ಅಂಗಡಿಗಳ ಖರೀದಿದಾರರು ಸಂಸ್ಥೆಯ ಶೋರೂಮಿಗೆ ಹೋಗಿ ಬಟ್ಟೆಯನ್ನು ಮುಟ್ಟಿ ನೋಡಿ ಬೇಡಿಕೆ ಬರೆಸುತ್ತಾರೆ. ಬೇಡಿಕೆ ಬರದ ಲುಕ್‌ಗಳು ಹೊಲಿಗೆಗೇ ಹೋಗುವುದಿಲ್ಲ. ಹೋದವುಗಳಲ್ಲೂ ಪಾರದರ್ಶಕ ಬಟ್ಟೆಗೆ ಲೈನಿಂಗ್ ಸೇರುವುದು, ಅಂಚು ಕೆಳಗಿಳಿಯುವುದು ಸಾಮಾನ್ಯ. ‘ಇದನ್ನೆಲ್ಲ ಯಾರಾದರೂ ಉಡುತ್ತಾರೆಯೇ’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ವಸಂತದ ಉಡುಪುಗಳು ಅಂಗಡಿಗೆ ಬಂದ ಮೇಲೆ ಸಂಸ್ಥೆಯ ಮಾರಾಟದ ತಾಣದಲ್ಲಿ ನಿಮ್ಮ ಐದು ಲುಕ್‌ಗಳನ್ನು ಹುಡುಕಿ, ಯಾವ ತುಂಡು ಬಂದಿದೆ, ಏನು ಬದಲಾಗಿದೆ ಎಂದು ಹಳೆಯ ಟಿಪ್ಪಣಿಯ ಪಕ್ಕದಲ್ಲಿ ಬರೆಯಿರಿ.

ಕೆಲವು ಲುಕ್‌ಗಳಿಗೆ ಅವುಗಳ ಗಳಿಗೆ ಪ್ರದರ್ಶನದಲ್ಲಿ ಬರುವುದೇ ಇಲ್ಲ. ವೆರ್ಸಾಚೆಯ ವಸಂತ 2000ದ ಸಂಗ್ರಹದಲ್ಲಿದ್ದ, ಹಸಿರು ಕಾಡಿನ ಚಿತ್ರದ ತೆಳು ಶಿಫಾನ್ ಉಡುಪು ಪ್ರದರ್ಶನದಲ್ಲಿ ಎಲ್ಲದರೊಳಗೆ ಒಂದಾಗಿ ಹಾದುಹೋಗಿತ್ತು. 2000ದ ಫೆಬ್ರವರಿ 23ರ ಗ್ರ್ಯಾಮಿ ಸಮಾರಂಭಕ್ಕೆ ಜೆನಿಫರ್ ಲೋಪೆಜ್ ಅದನ್ನು ತೊಟ್ಟು ಬಂದ ಮೇಲೆ ಜನ ಆ ಚಿತ್ರಕ್ಕಾಗಿ ಗೂಗಲ್‌ನಲ್ಲಿ ಎಷ್ಟು ಹುಡುಕಿದರೆಂದರೆ, 2001ರಲ್ಲಿ ಬಂದ ಚಿತ್ರಶೋಧ ಸೌಲಭ್ಯದ ಯೋಚನೆಗೆ ಅದೂ ಒಂದು ಕಾರಣವೆಂದು ಗೂಗಲ್‌ನ ಮುಖ್ಯಸ್ಥರೇ ಆಮೇಲೆ ಬರೆದರು. ಇಂಥದೊಂದು ಲುಕ್ ನಿಮ್ಮ ಪಟ್ಟಿಯಿಂದ ತಪ್ಪಿಹೋಗಿದ್ದರೆ ಹಳೆಯ ಪುಟವನ್ನು ಅಳಿಸಿ ತಿದ್ದಬೇಡಿ; ಪಕ್ಕದಲ್ಲಿ ಆ ದಿನದ ದಿನಾಂಕ ಹಾಕಿ, ಎರಡನೆಯ ಬಣ್ಣದ ಪೆನ್ನಿನಲ್ಲಿ ಸೇರಿಸಿ.